ಹತ್ತು ಗಾಡಿ, ಒಂದೇ ದಾರಿ

ಪ್ರತಿ ಫೆಬ್ರುವರಿಯಲ್ಲಿ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಸಂತ ಸೇವಾಲಾಲರ ಜಯಂತಿ ನಡೆಯುತ್ತದೆ. ಬಂಜಾರ ತಾಂಡಾಗಳ ಜನ ಮಾಲೆ ಧರಿಸಿ ನಡೆದು ಬರುತ್ತಾರೆ. ಬಸ್ಸು, ಟೆಂಪೊ, ಕ್ರೂಸರ್ ಮಾಡಿಕೊಂಡು ಬರುವವರೂ ಬಹಳ. ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿ ಸುತ್ತಿನಿಂದ ಹೊರಟವರಿಗೆ ಹೊನ್ನಾಳಿಯಲ್ಲಿ ತುಂಗಭದ್ರೆಯ ಸೇತುವೆ ದಾಟುವುದು ಒಂದು ದಾರಿ, ಶಿವಮೊಗ್ಗ ಬಳಸಿ ಸವಳಂಗದ ಮೇಲೆ ಹೋಗುವುದು ಇನ್ನೊಂದು. ಮುಂದಿನ ಗಾಡಿ ಒಂದನ್ನು, ಹಿಂದಿನ ಗಾಡಿ ಇನ್ನೊಂದನ್ನು ಹಿಡಿದರೆ ಅಡುಗೆ ಸಾಮಾನು ಒಂದು ಕಡೆ, ಉಣ್ಣುವವರು ಇನ್ನೊಂದು ಕಡೆ. ಒಬ್ಬ ದಾರಿ ತಪ್ಪುವುದಕ್ಕೂ ತಂಡ ಒಡೆದುಹೋಗುವುದಕ್ಕೂ ವ್ಯತ್ಯಾಸವಿದೆ. ನಮ್ಮ ನಕ್ಷೆಗಳ ಇನ್ನೂರು ವರ್ಷಗಳ ಬೆಳವಣಿಗೆ ಈ ಎರಡನೆಯದನ್ನು ಇನ್ನೂ ಸರಿಯಾಗಿ ಗಮನಿಸಿಲ್ಲ.

ಈ ಸೀಮೆಯನ್ನು ಅಳೆದು ಕಾಗದಕ್ಕೆ ಇಳಿಸಿದ ಮೊದಲ ದೊಡ್ಡ ಕೆಲಸ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಲಿನ್ ಮೆಕೆಂಜಿ ನಡೆಸಿದ ಮೈಸೂರು ಸರ್ವೆ. ಅದು ಆಳುವವರಿಗಾಗಿ ಮಾಡಿದ್ದು. ದಾರಿಹೋಕರನ್ನು ನೆನೆದದ್ದು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್. 1897ರ ಪರಿಷ್ಕೃತ ಮುದ್ರಣದಲ್ಲಿ ಒಂದೊಂದು ಜಿಲ್ಲೆಯ ರಸ್ತೆಗಳು, ಅವುಗಳ ಮೈಲಿ ಲೆಕ್ಕ, ತಂಗಲು ಬಂಗಲೆಗಳ ವಿವರ ಸಿಗುತ್ತದೆ.

ಆಮೇಲಿನದು ಸರ್ವೆ ಆಫ್ ಇಂಡಿಯಾದ ಟೋಪೋಶೀಟ್‌ಗಳ ಕಾಲ. ಮೊದಲು ಮೈಲಿಗೆ ಒಂದು ಅಂಗುಲ, ನಂತರ ಕಿಲೋಮೀಟರಿಗೆ ಎರಡು ಸೆಂಟಿಮೀಟರ್. ಕೆರೆಬಿಳಚಿ ಪಕ್ಕದ ಸೂಳೆಕೆರೆ ಇರುವ ಹಾಳೆ 48 ಎನ್/16. ನೀರಿಗೆ ನೀಲಿ, ರಸ್ತೆಗೆ ಕೆಂಪು, ಗುಡ್ಡದ ಏರಿಳಿತಕ್ಕೆ ಕಂದು ಗೆರೆ. ಕೆರೆಯ ಏರಿ, ಗಾಡಿ ಜಾಡು, ಗುಡಿಗಳಿಗೂ ಗುರುತುಗಳಿವೆ. ಇಷ್ಟು ನಿಷ್ಠೆಯಿಂದ ನೆಲವನ್ನು ತೋರಿಸುವ ಹಾಳೆ ಇಂದಿಗೂ ಅಪರೂಪ. ಆದರೆ ಕೆರೆಬಿಳಚಿಯಿಂದ ಜಗಳೂರಿಗೆ ಹೋಗಬೇಕೆಂದರೆ 76ನೇ ರೇಖಾಂಶ ದಾಟಿ 57 ಬಿ ಸರಣಿಯ ಹಾಳೆ ಬೇರೆ ತೆಗೆಯಬೇಕಿತ್ತು. ಅಕ್ಷರವೆಲ್ಲ ಇಂಗ್ಲಿಷ್. ಮದುವೆ ದಿಬ್ಬಣದ ಬಸ್ಸಿನ ಚಾಲಕನಿಗೆ ಅದರಿಂದ ಉಪಯೋಗವಿರಲಿಲ್ಲ. ಅವನು ನಂಬಿದ್ದು ಮೈಲಿಗಲ್ಲನ್ನು: ತಲೆ ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ. ಉಳಿದದ್ದನ್ನು ಟೀ ಅಂಗಡಿಯಲ್ಲಿ ಕೇಳಿಕೊಳ್ಳುತ್ತಿದ್ದ.

2005ರಲ್ಲಿ ಗೂಗಲ್ ಮ್ಯಾಪ್ಸ್ ಬಂತು. 2008ರ ಮ್ಯಾಪ್ ಮೇಕರ್‌ನಿಂದ ಊರಿನವರೇ ತಮ್ಮ ರಸ್ತೆ ಬಿಡಿಸುವಂತಾಯಿತು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ತಿರುವು 2009ರದು: ರಸ್ತೆಯ ಹೆಸರು ಹೇಳುವ ಬದಲು ಪೆಟ್ರೋಲ್ ಬಂಕ್, ದೇವಸ್ಥಾನದಂಥ ಗುರುತು ಹೇಳಿ ದಾರಿ ತೋರಿಸುವುದನ್ನು ಭಾರತಕ್ಕಾಗಿ ಶುರು ಮಾಡಿದರು. ನಮ್ಮ ಜನ ಹಿಂದಿನಿಂದಲೂ ದಾರಿ ಹೇಳಿದ್ದು ಹಾಗೆಯೇ. 2018ರಲ್ಲಿ ಕನ್ನಡದ ದನಿ ಬಂತು. 2021ರಲ್ಲಿ ಸ್ಥಳಗಳ ಹೆಸರು ಹೆಚ್ಚಿನ ಮಟ್ಟಿಗೆ ಕನ್ನಡ ಲಿಪಿಯಲ್ಲಿ ಕಾಣತೊಡಗಿದವು. ತಂಡಕ್ಕೆ ನಿಜವಾಗಿ ನೆರವಾದದ್ದು 2017ರಲ್ಲಿ ವಾಟ್ಸ್ಆ್ಯಪ್‌ಗೆ ಸೇರಿದ ಲೈವ್ ಲೊಕೇಶನ್. ಹಿಂದಿನ ಗಾಡಿ ಎಲ್ಲಿದೆ ಎಂದು ಫೋನ್ ಮಾಡಿ ಕೇಳುವ ಕಷ್ಟ ತಪ್ಪಿತು.

ಆದರೂ ಈ ನಕ್ಷೆಗಳು ಮಾತಾಡುವುದು ಒಬ್ಬ ಚಾಲಕನೊಂದಿಗೆ. ಹತ್ತು ನಿಮಿಷ ತಡವಾಗಿ ಹೊರಟವನಿಗೆ ಬೇರೆ ದಾರಿ ತೋರಿಸಬಹುದು. ದ್ವಿಚಕ್ರ ವಾಹನಕ್ಕೆ ಗೂಗಲ್‌ನಲ್ಲಿ ಪ್ರತ್ಯೇಕ ದಾರಿಯಿದೆ, ಐವತ್ತು ಜನರ ಬಸ್ಸು ಓಡಿಸುವವನಿಗೆ ಇಲ್ಲ. ಹತ್ತಿರವಾಗುತ್ತದೆಂದು ತೋಟದ ನಡುವಿನ ಕಿರುದಾರಿಗೆ ಇಳಿಸಿದರೆ ಬಸ್ಸು ತಿರುಗಿಸಲೂ ಜಾಗವಿರುವುದಿಲ್ಲ.

ಆಡಳಿತದ ಗಡಿಗಳೂ ನಿಂತಲ್ಲಿ ನಿಲ್ಲುವುದಿಲ್ಲ. 1997ರವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ನ್ಯಾಮತಿ ತಾಲ್ಲೂಕಾದದ್ದು ಈಚೆಗೆ. ಪುಣೆ–ಬೆಂಗಳೂರು ಹೆದ್ದಾರಿಯ ಸಂಖ್ಯೆ 2010ರಲ್ಲಿ 4ರಿಂದ 48 ಆಯಿತು. ಹಳೆಯ ಕರಪತ್ರ ನೋಡಿ ಹೊಸದನ್ನು ಅಚ್ಚು ಹಾಕಿಸುವವರು ಇದನ್ನೆಲ್ಲ ತಿದ್ದಲೇಬೇಕು. ರಾಮಪುರ, ಹೊಸಹಳ್ಳಿಯಂಥ ಹೆಸರು ಹಲವು ತಾಲ್ಲೂಕುಗಳಲ್ಲಿರುವಾಗ ಬರೀ ಊರಿನ ಹೆಸರು ಸಾಲದು.

ಹಾಗಾಗಿ ಒಂದು ಪುಟದ ಕನ್ನಡ ಹಾಳೆಗೆ ಈಗಲೂ ಬೆಲೆಯಿದೆ. ದೊಡ್ಡ ಅಕ್ಷರದಲ್ಲಿ ತಿರುವು, ತಿರುವಿಗೆ ಮುನ್ನ ಕಾಣುವ ಗುರುತು, ಎಲ್ಲ ಗಾಡಿಗಳೂ ಕೂಡಿಕೊಳ್ಳುವ ಜಾಗ (ಸಂತೇಬೆನ್ನೂರಿನ ಪುಷ್ಕರಣಿಯಂಥದ್ದು, ಯಾರನ್ನು ಕೇಳಿದರೂ ತೋರಿಸುವಂಥದ್ದು), ಮೂಲೆಯಲ್ಲೊಂದು ಕ್ಯೂಆರ್ ಕೋಡ್. ಲಗ್ನಪತ್ರಿಕೆಗಳಲ್ಲಿ ಈ ಕೋಡ್ ಆಗಲೇ ಬಂದಿದೆ. ಅದರ ಪಕ್ಕದಲ್ಲಿ ದಾರಿಯನ್ನೂ ಬರೆದರೆ ಸಿಗ್ನಲ್ ಇಲ್ಲದ ಕಡೆಯೂ ದಿಬ್ಬಣ ತಲುಪುತ್ತದೆ. ಸರ್ವೆ ಆಫ್ ಇಂಡಿಯಾ 2017ರಿಂದ ತನ್ನ ಮುಕ್ತ ಸರಣಿಯ ಹಾಳೆಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿದೆ. ಅದನ್ನು ಆಧಾರವಾಗಿಟ್ಟುಕೊಂಡು ತಾಲ್ಲೂಕಿಗೊಂದು ಕನ್ನಡ ರಸ್ತೆ ನಕ್ಷೆ ಮಾಡುವುದು ದೊಡ್ಡ ಖರ್ಚಿನ ಕೆಲಸವೇನಲ್ಲ. ರಸ್ತೆ ಎಷ್ಟು ಅಗಲ ಎಂಬ ಲೆಕ್ಕ ಲೋಕೋಪಯೋಗಿ ಇಲಾಖೆಯಲ್ಲೇ ಇರುತ್ತದೆ. ಬಸ್ಸು ಹಿಡಿಸುವ ರಸ್ತೆ ಯಾವುದು, ಹಿಡಿಸದ್ದು ಯಾವುದು ಎಂದು ಆ ನಕ್ಷೆಯಲ್ಲಿ ಎರಡು ಬಣ್ಣದಲ್ಲಿ ತೋರಿಸಬೇಕು.