ಜೀಪಿನ ಚರಿತ್ರೆ ಮತ್ತು ನನ್ನದೊಂದು ತಪ್ಪೊಪ್ಪಿಗೆ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಶಕ್ತಿ ಹರಿಯುವ ಹೊಸ ವಾಹನವೊಂದನ್ನು ಕೊಂಡಿದ್ದಾನಂತೆ. ರಜೆಯಲ್ಲಿ ಘಟ್ಟದ ದಾರಿಗಳನ್ನು ಸುತ್ತುವ ಆಸೆ. "ಸಾರ್, ನಿಮ್ಮ ಹತ್ತಿರ ಜೀಪು ಇತ್ತಲ್ಲ, ಇದಕ್ಕೆ ಏನೇನು ಜೋಡಿಸಬೇಕು?" ಎಂದು ಕೇಳಿದ. ಇತಿಹಾಸದ ಮೇಷ್ಟರಿಂದ ನೇರವಾದ ಉತ್ತರ ಬರುವುದಿಲ್ಲವೆಂಬುದು ನನ್ನಿಂದ ಪಾಠ ಹೇಳಿಸಿಕೊಂಡ ನಿಮಗೆಲ್ಲ ತಿಳಿದೇ ಇದೆ. ಅಂದು ಹೇಳಿದ್ದನ್ನೂ ಹೇಳದೆ ಉಳಿಸಿಕೊಂಡದ್ದನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ.

1940ರ ಜುಲೈ ತಿಂಗಳು. ಯೂರೋಪಿನಲ್ಲಿ ಯುದ್ಧ ಹಬ್ಬಿತ್ತು. ಅಮೆರಿಕದ ಸೇನೆಯು ಹಗುರವಾದ, ಎಲ್ಲಿ ಬೇಕಾದರೂ ನುಗ್ಗಬಲ್ಲ ವಾಹನವೊಂದಕ್ಕಾಗಿ 135 ಕಂಪನಿಗಳಿಂದ ಟೆಂಡರು ಕರೆಯಿತು. ಮೊದಲ ಮಾದರಿಯನ್ನು 49 ದಿನಗಳಲ್ಲಿ ಒಪ್ಪಿಸಬೇಕೆಂಬುದು ಷರತ್ತು. ಪೆನ್ಸಿಲ್ವೇನಿಯಾದ ಬಟ್ಲರ್ ಪಟ್ಟಣದ ಬ್ಯಾಂಟಮ್ ಎಂಬ ಪುಟ್ಟ ಕಂಪನಿ ಈ ಸವಾಲನ್ನು ಸ್ವೀಕರಿಸಿತು. ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರು ಕೆಲವೇ ದಿನಗಳಲ್ಲಿ ನಕ್ಷೆಗಳನ್ನು ಸಿದ್ಧಪಡಿಸಿದರು. ಸೆಪ್ಟೆಂಬರ್ 23ರಂದು, ಗಡುವು ಮುಗಿಯಲು ಅರ್ಧ ಗಂಟೆ ಇದ್ದಾಗ, ವಾಹನವು ಬಾಲ್ಟಿಮೋರಿನ ಸೇನಾ ನೆಲೆಯನ್ನು ತಲುಪಿತು. ಆದರೆ ಚಿಕ್ಕವರ ಶ್ರಮದ ಫಲ ದೊಡ್ಡವರ ಪಾಲಾಗುವುದು ಚರಿತ್ರೆಯಲ್ಲಿ ಹೊಸದೇನಲ್ಲ. ಸೇನೆಯು ಬ್ಯಾಂಟಮ್‌ನ ನಕ್ಷೆಗಳನ್ನು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೂ ಒದಗಿಸಿತು. ಯುದ್ಧ ಮುಗಿಯುವ ಹೊತ್ತಿಗೆ ತಯಾರಾದ ಸುಮಾರು 6,40,000 ಜೀಪುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಇವೆರಡರವೇ.

ಜೀಪಿನ ಯಶಸ್ಸಿಗೆ ಅದರ ಬಲವೇ ಕಾರಣವೆಂದು ಅನೇಕರು ಭಾವಿಸುತ್ತಾರೆ. ವಿಲ್ಲಿಸ್ ಎಂಜಿನ್ನಿನ ಶಕ್ತಿ 60 ಅಶ್ವಶಕ್ತಿ ಮಾತ್ರ. ಮುಂದಿನ ಚಕ್ರಗಳಿಗೂ ಶಕ್ತಿ ಹಂಚುವ, ಕಡಿದಾದ ಏರಿನಲ್ಲಿ ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಎರಡನೆಯ ಗೇರುಪೆಟ್ಟಿಗೆ ಅದರ ಬೆನ್ನೆಲುಬಾಗಿತ್ತು ನಿಜ. ಆದರೆ ನನ್ನನ್ನು ಸೆಳೆದ ಸಂಗತಿ ಬೇರೆ. ಯುದ್ಧಕಾಲದ ಜೀಪಿನ ಮುಂದಿನ ದೀಪಗಳನ್ನು ಒಂದು ತಿರುಪು ಸಡಿಲಿಸಿ ಎಂಜಿನ್ನಿನ ಕಡೆಗೆ ತಿರುಗಿಸಬಹುದಿತ್ತು, ಕತ್ತಲಲ್ಲಿ ರಿಪೇರಿ ಮಾಡಲೆಂದು! ಪಕ್ಕದಲ್ಲಿ ಸನಿಕೆ, ಕೊಡಲಿಗಳಿಗೆ ಜಾಗ. ಸೇನೆಯ ಕೈಪಿಡಿಯು ನಿರ್ವಹಣೆಯ ಮೊದಲ ಹಂತವನ್ನು ಮೆಕ್ಯಾನಿಕ್‌ಗೆ ವಹಿಸದೆ ಚಾಲಕನಿಗೇ ವಹಿಸಿತ್ತು. ಹೊರಡುವ ಮುನ್ನ, ದಾರಿಯಲ್ಲಿ ನಿಂತಾಗ, ಮರಳಿ ಬಂದ ಮೇಲೆ ಆತ ಎಣ್ಣೆ, ನೀರು, ಚಕ್ರಗಳನ್ನು ಪರೀಕ್ಷಿಸಬೇಕು. ವಾಹನ ಕೆಟ್ಟೇ ಕೆಡುತ್ತದೆಂದು ಮೊದಲೇ ಒಪ್ಪಿಕೊಂಡು ಕಟ್ಟಿದ ವಾಹನವದು.

ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಮುಂಬಯಿಯ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪುಗಳ ಜೋಡಣೆಗೆ ಕೈಹಾಕಿತು. ಸರಕಾರಿ ಇಲಾಖೆಗಳಲ್ಲಿ ದುಡಿದು ಹರಾಜಿಗೆ ಬಂದ ಜೀಪುಗಳು ನಮ್ಮ ಮಲೆನಾಡಿನಲ್ಲಿ ಎರಡನೆಯ ಜನ್ಮ ಪಡೆದವು. ಮಳೆಗಾಲದಲ್ಲಿ ಚಕ್ರಗಳಿಗೆ ಕಬ್ಬಿಣದ ಸರಪಳಿ ಸುತ್ತಿಕೊಂಡು ಬಾಣಂತಿಯರನ್ನೂ ಅಡಿಕೆ ಮೂಟೆಗಳನ್ನೂ ಹೊತ್ತವು ಇವೇ. ಅಂಥದೊಂದನ್ನು ನಾನೂ ನನ್ನ ಅಣ್ಣನೂ 1987ರಲ್ಲಿ ಪಾಲಿನಲ್ಲಿ ಕೊಂಡೆವು. ಹಗ್ಗ, ಸನಿಕೆ, ಎರಡು ಹಲಗೆ, ಹೆಚ್ಚುವರಿ ಫ್ಯಾನ್ ಬೆಲ್ಟು, ನೀರಿನ ಡಬ್ಬಿ ಎಲ್ಲವನ್ನೂ ಹೊಂದಿಸಿಟ್ಟಿದ್ದೆ. ನೋಡಿದವರು ಮೆಚ್ಚುತ್ತಿದ್ದರು.

1988ರ ಮಳೆಗಾಲದಲ್ಲಿ ತುಂಬಿದ ಹಳ್ಳವೊಂದನ್ನು ದಾಟಿದೆ. ಏರು ಹತ್ತಿ ಇಳಿದು ಕಾದಿದ್ದ ಹಿಂದಿನ ಅಚ್ಚಿನ ಗೂಡು ತಣ್ಣೀರಿನಲ್ಲಿ ಮುಳುಗಿದರೆ ಒಳಗಿನ ಗಾಳಿ ಸಂಕುಚಿಸುತ್ತದೆ. ಸವೆದ ಸೀಲುಗಳ ಸಂದಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನೀರು ಬೆರೆತ ಗೇರ್ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿ ಜಿಡ್ಡಿನ ಗುಣ ಕಳೆದುಕೊಳ್ಳುತ್ತದೆ. ಬೇರಿಂಗುಗಳು ತುಕ್ಕು ಹಿಡಿಯುತ್ತವೆ. ಒಂದು ಬೋಲ್ಟು ಬಿಚ್ಚಿ ಎಣ್ಣೆಯ ಬಣ್ಣ ನೋಡಿದ್ದರೆ ಸಾಕಿತ್ತು. ಇದು ನನಗೆ ಗೊತ್ತಿತ್ತು. ನಾಳೆ, ನಾಡಿದ್ದು ಎನ್ನುತ್ತ ಬೇಸಗೆ ಬಂದೇಬಿಟ್ಟಿತು.

1989ರ ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ಬೆಳಗ್ಗೆ ಬಸ್ಸು ಬರಲಿಲ್ಲ. ನಾಲ್ವರು ಹುಡುಗರನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊರಟೆ. ಅರ್ಧ ದಾರಿಯಲ್ಲಿ ಹಿಂದಿನ ಅಚ್ಚು ಕಿರುಚಿ ನಿಂತುಹೋಯಿತು. ಸನಿಕೆ, ಹಗ್ಗ, ಹಲಗೆ ಯಾವುದೂ ಉಪಯೋಗಕ್ಕೆ ಬರಲಿಲ್ಲ. ಹುಡುಗರು ಓಡಿದರು, ಮುಂದೆ ಮರದ ಲಾರಿಯೊಂದು ಹತ್ತಿಸಿಕೊಂಡಿತು. ಇಪ್ಪತ್ತು ನಿಮಿಷ ತಡವಾಗಿ ಒಳಗೆ ಹೋದ ಅವರಲ್ಲೊಬ್ಬ ಕೊನೆಯ ಎರಡು ಲೆಕ್ಕಗಳನ್ನು ಮುಟ್ಟದೆ ಎದ್ದು ಬಂದ. ಆ ಅಂಕಗಳ ಕೊರತೆಯಿಂದ ಅವನು ಬಯಸಿದ್ದ ಕಾಲೇಜು ತಪ್ಪಿತು.

ಕಳೆದ ವಾರ ದೂರವಾಣಿ ಮಾಡಿದವನು ಅವನೇ. "ಅವತ್ತು ಹಳೇ ಜೀಪು ಕೈಕೊಟ್ಟಿತಲ್ಲ ಸಾರ್" ಎಂದು ನಕ್ಕ. ನಾನೂ ನಕ್ಕು, ಹಗ್ಗ, ಸನಿಕೆಗಳ ಪಟ್ಟಿ ಹೇಳಿ ಮಾತು ಮುಗಿಸಿದೆ. ಆ ರಾತ್ರಿ ನಿದ್ರೆ ಬರಲಿಲ್ಲ.

ಕೈಕೊಟ್ಟದ್ದು ಜೀಪಲ್ಲಪ್ಪಾ, ನಾನು. ನಿನ್ನ ವಾಹನಕ್ಕೆ ಏನು ಬೇಕಾದರೂ ಜೋಡಿಸು. ಆದರೆ ನೀರು ದಾಟಿದ ಮರುದಿನವೇ ಕೆಳಗೆ ಮಲಗಿ ಆ ಬೋಲ್ಟನ್ನು ಬಿಚ್ಚಿ ನೋಡು. ಪಟ್ಟಿಯಲ್ಲಿ ಮೊದಲು ಹೇಳಬೇಕಾಗಿದ್ದುದು ಇದನ್ನೇ.