ಪಕ್ಷಿಕ್ಷಯ
ಮೈಕೊಬ್ಯಾಕ್ಟೀರಿಯಂ ಏವಿಯಂ ಎಂಬ ಬ್ಯಾಕ್ಟೀರಿಯಾದಿಂದ ಕೋಳಿ ಮೊದಲಾದ ಹಕ್ಕಿಗಳಿಗೆ ತಗಲುವ ದೀರ್ಘಕಾಲದ ರೋಗ. ಮನುಷ್ಯರ ಕ್ಷಯಕ್ಕಿಂತ ಭಿನ್ನವಾಗಿ, ಶ್ವಾಸಕೋಶಕ್ಕಿಂತ ಯಕೃತ್ತು, ಗುಲ್ಮ, ಕರುಳು, ಮೂಳೆಮಜ್ಜೆಗಳಲ್ಲೇ ಇದರ ಗಂಟುಗಳು ಹೆಚ್ಚು. ಹಕ್ಕಿ ಮೇವು ತಿನ್ನುತ್ತಲೇ ಸೊರಗುತ್ತದೆ. ಎದೆಯ ಮಾಂಸ ಕರಗಿ ಎದೆಮೂಳೆ ಚೂಪಾಗಿ ಕೈಗೆ ಸಿಗುತ್ತದೆ. ಹಿಕ್ಕೆಯಲ್ಲಿ ಹೊರಬಿದ್ದ ರೋಗಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲದು. ಗೂಡು ತೊಳೆದರಷ್ಟೇ ಸಾಲದೆಂಬುದನ್ನು ಸಾಕುವವರು ಮರೆಯಬಾರದು. ಕೆಲವೇ ವಾರಗಳಲ್ಲಿ ಮಾಂಸಕ್ಕೆ ಹೋಗುವ ಬ್ರಾಯ್ಲರ್‌ಗಳಲ್ಲಿ ಅಪರೂಪ, ಹಿತ್ತಲ ಮುದಿಕೋಳಿಗಳಲ್ಲಿ ಹೆಚ್ಚು. ಹಂದಿಗಳ ಕತ್ತಿನ ದುಗ್ಧಗ್ರಂಥಿಗಳಿಗೂ ತಗಲುತ್ತದೆ. ದನಗಳಲ್ಲಿ ರೋಗ ವಿರಳವಾದರೂ ಸೋಂಕು ಅವುಗಳ ಕ್ಷಯವನ್ನು ಪತ್ತೆಹಚ್ಚುವ ಟ್ಯೂಬರ್‌ಕ್ಯುಲಿನ್ ಪರೀಕ್ಷೆಯನ್ನು ದಾರಿತಪ್ಪಿಸುತ್ತದೆ. ಆದ್ದರಿಂದಲೇ ದನದ ಮತ್ತು ಹಕ್ಕಿಯ ಟ್ಯೂಬರ್‌ಕ್ಯುಲಿನ್ ಎರಡನ್ನೂ ಕುತ್ತಿಗೆಯ ಚರ್ಮಕ್ಕೆ ಚುಚ್ಚಿ, 72 ಗಂಟೆಗಳ ನಂತರ ಊತಗಳನ್ನು ಹೋಲಿಸುತ್ತಾರೆ. ಮೈಕೊಬ್ಯಾಕ್ಟೀರಿಯಂ ಏವಿಯಂನ ಇನ್ನೊಂದು ಉಪಪ್ರಭೇದ ದನ, ಕುರಿ, ಮೇಕೆಗಳಲ್ಲಿ ಜೋನೀಸ್ ರೋಗ ತರುತ್ತದೆ.