ಶತ್ರುಪಾಳಯ ನುಡಿದ ಸಾಕ್ಷಿ

ಮಡಿಕೇರಿಯ ಹಳೆಯ ಖಾಸಗಿ ಬಸ್ ನಿಲ್ದಾಣದ ಬಳಿಯ ವೃತ್ತಕ್ಕೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಹೆಸರಿದೆ. ಕೊಡಗಿನ ಈ ಯುದ್ಧವಿಮಾನ ಪೈಲಟ್ ಮಡಿದದ್ದು 1965ರ ಸೆಪ್ಟೆಂಬರ್ 7ರಂದು. ಅವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ. ನಡುವೆ 23 ವರ್ಷ! ಪರಮವೀರ ಚಕ್ರದ ನಂತರದ ಸ್ಥಾನದಲ್ಲಿರುವ ಈ ಪದಕ ಇಷ್ಟು ತಡವಾದದ್ದೇಕೆ?

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ವಾಯುನೆಲೆಯ ಮೇಲೆರಗಿದ್ದವು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಸರ್ಗೋಧಾ ನೆಲೆಯ ಮೇಲೆ ಪ್ರತಿದಾಳಿ ನಡೆಸುವ ಹೊಣೆ ಆದಂಪುರದಲ್ಲಿದ್ದ ಒಂದನೇ ಸ್ಕ್ವಾಡ್ರನ್ನಿನದಾಯಿತು. ಹೋಗಬೇಕಾಗಿದ್ದುದು ಫ್ರೆಂಚ್ ತಯಾರಿಕೆಯ 12 ಮಿಸ್ಟೇರ್ ವಿಮಾನಗಳು. ದೇವಯ್ಯ ಆ ಪಟ್ಟಿಯಲ್ಲಿರಲಿಲ್ಲ. ಅವರದು ಬದಲಿ ಪೈಲಟ್‌ನ ಸ್ಥಾನ. ಯಾವುದಾದರೂ ವಿಮಾನ ಕೈಕೊಟ್ಟರೆ ಮಾತ್ರ ಅವರ ಸರದಿ. ಒಂದು ವಿಮಾನ ಹಿಂದುಳಿಯಿತು, ದೇವಯ್ಯ ತಂಡ ಸೇರಿಕೊಂಡರು. ಆಗ ಅವರ ವಯಸ್ಸು 32.

ಸರ್ಗೋಧಾ ಬಳಿ ಅವರಿಗೆ ಎದುರಾದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಅವರು ಹಾರಿಸುತ್ತಿದ್ದುದು ಅಮೆರಿಕದ ಎಫ್-104 ಸ್ಟಾರ್‌ಫೈಟರ್. ಅದರ ವೇಗ ಶಬ್ದದ ಎರಡರಷ್ಟು. ಮಿಸ್ಟೇರ್ ಸಮತಲ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದು. ಅಮ್ಜದ್ ಬಿಟ್ಟ ಕ್ಷಿಪಣಿ ಗುರಿ ತಪ್ಪಿದರೂ ಫಿರಂಗಿಯ ಗುಂಡುಗಳು ತಗುಲಿದವು. ಮಿಸ್ಟೇರ್ ಕತೆ ಮುಗಿಯಿತೆಂದೇ ಅವರು ಭಾವಿಸಿದರು. ಆದರೆ ಪೆಟ್ಟು ತಿಂದ ಆ ವಿಮಾನ ಮತ್ತೆ ಕಾದಾಟಕ್ಕೆ ನಿಂತಿತು.

ಸ್ಟಾರ್‌ಫೈಟರ್‌ನ ಬಲವೆಲ್ಲ ನೇರ ಓಟದಲ್ಲಿ. ಅದರ ರೆಕ್ಕೆಗಳು ತೀರ ಚಿಕ್ಕವು. ಕೆಳಮಟ್ಟದಲ್ಲಿ, ಕಡಿಮೆ ವೇಗದಲ್ಲಿ ತಿರುಗಾಡಿ ಕಾದಾಡಲು ಅದು ಹೇಳಿ ಮಾಡಿಸಿದ್ದಲ್ಲ. ಮಿಸ್ಟೇರ್‌ಗೆ ಅಲ್ಲಿ ಒಂದಿಷ್ಟು ಅವಕಾಶ ಸಿಕ್ಕಿತು. ದೇವಯ್ಯನವರ ಗುಂಡೇಟಿಗೆ ಸ್ಟಾರ್‌ಫೈಟರ್ ಉರುಳಿತು. ಅಮ್ಜದ್ ಪ್ಯಾರಾಚೂಟ್ ಬಿಚ್ಚಿ ಬದುಕಿಕೊಂಡರು. ದೇವಯ್ಯ ಬದುಕಲಿಲ್ಲ.

ಇದೆಲ್ಲ ಆದಂಪುರಕ್ಕೆ ತಿಳಿಯುವುದಾದರೂ ಹೇಗೆ? ಶತ್ರುವಿಮಾನ ಉರುಳಿಸಿದ್ದಕ್ಕೆ ವಾಯುಪಡೆಯಲ್ಲಿ ಸಾಮಾನ್ಯವಾಗಿ ಕೇಳುವ ಪುರಾವೆ ಎರಡು: ಬಂದೂಕಿನ ಜತೆಗಿರುವ ಕ್ಯಾಮೆರಾದ ಫಿಲ್ಮು, ಇಲ್ಲವೆ ಜತೆಗಿದ್ದ ಪೈಲಟ್‌ನ ಹೇಳಿಕೆ. ವಿಮಾನವೇ ಮರಳದಿದ್ದ ಮೇಲೆ ಫಿಲ್ಮಿನ ಮಾತಿಲ್ಲ. ಕಾದಾಟವನ್ನು ಸಹಚರರು ಯಾರೂ ಕಂಡಿರಲಿಲ್ಲ. ಹೀಗಾಗಿ ದಾಖಲೆಯಲ್ಲಿ ದೇವಯ್ಯ 'ಕಾಣೆಯಾದವರು', ಆಮೇಲೆ ಮಡಿದವರು, ಅಷ್ಟೇ. ಕಡತಗಳನ್ನು ದೂರುವುದು ಸುಲಭ, ಆದರೆ ಕಾಣದ ಸಾಹಸಕ್ಕೆ ಶಿಫಾರಸು ಬರೆಯುವವರಾದರೂ ಯಾರು?

ಸಾಕ್ಷಿ ಬಂದದ್ದು ಎದುರು ಪಾಳಯದಿಂದ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1965ರ ವಾಯುಯುದ್ಧವನ್ನು ಪಾಕಿಸ್ತಾನದ ಕಡೆಯಿಂದ ವಿವರಿಸಿ ಬರೆದ ಪುಸ್ತಕ 1979ರಲ್ಲಿ ಹೊರಬಂತು. ಮಿಸ್ಟೇರ್ ಒಂದರ ಜತೆಗಿನ ಕಾದಾಟದಲ್ಲಿ ಸ್ಟಾರ್‌ಫೈಟರ್ ಕಳೆದುಕೊಂಡ ಸಂಗತಿ ಅದರಲ್ಲಿತ್ತು. ಯಾವ ಮಿಸ್ಟೇರ್? ಲೆಕ್ಕ ಸರಳ. ಆ ಮುಂಜಾನೆಯ ದಾಳಿಯಿಂದ ಮರಳದ ಮಿಸ್ಟೇರ್ ಒಂದೇ ಒಂದು. ಅಂದು ಸ್ಕ್ವಾಡ್ರನ್ನಿನ ಮುಖ್ಯಸ್ಥರಾಗಿದ್ದ, ಅದೇ ಯುದ್ಧದಲ್ಲಿ ವೀರ ಚಕ್ರ ಪಡೆದಿದ್ದ ಒ.ಪಿ. ತನೇಜಾ ತಮ್ಮ ಸಹೋದ್ಯೋಗಿಗೆ ನ್ಯಾಯ ಸಿಗಬೇಕೆಂದು ಒತ್ತಾಯಿಸಿದರು.

ಸೋತ ಸ್ಟಾರ್‌ಫೈಟರ್‌ನ ಪೈಲಟ್‌ಗೆ ಅವರ ದೇಶ 1965ರ ಯುದ್ಧಕ್ಕಾಗಿಯೇ 'ಸಿತಾರಾ-ಎ-ಜುರತ್' ನೀಡಿತ್ತು. 1971ರಲ್ಲಿ ಅಮೃತಸರದ ಬಳಿ ಅಮ್ಜದ್ ಅವರ ವಿಮಾನ ಮತ್ತೊಮ್ಮೆ ಉರುಳಿ, ಅವರು ಭಾರತದಲ್ಲಿ ಯುದ್ಧಕೈದಿಯಾದರು. ಅದಾಗಿ 17 ವರ್ಷಗಳ ಮೇಲೆ, ಅರ್ಧ ಬಿಳಿ ಅರ್ಧ ಕೇಸರಿ ಪಟ್ಟಿಯ ಆ ಬೆಳ್ಳಿ ನಕ್ಷತ್ರ ದೇವಯ್ಯನವರ ಪತ್ನಿ ಸುಂದರಿ ದೇವಯ್ಯ ಅವರ ಕೈ ಸೇರಿತು.